ಗರಡಿಯ ಮಣ್ಣಿನಿಂದ ಬೇಲಿಯ ಕಣಕ್ಕೆ

ಮಲ್ಲವಿದ್ಯೆಯು ಕನ್ನಡಿಗರಿಗೆ ಹೊಸದಲ್ಲ. ಹನ್ನೆರಡನೆಯ ಶತಮಾನದಲ್ಲಿ ಕಲ್ಯಾಣದಿಂದ ಆಳಿದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು ತನ್ನ ‘ಮಾನಸೋಲ್ಲಾಸ’ದಲ್ಲಿ ಮಲ್ಲರ ದರ್ಜೆ, ಆಹಾರ, ಸಾಧನೆಗಳನ್ನು ವಿವರಿಸಿರುವನು. ಮೈಸೂರಿನ ದಸರೆಯಲ್ಲಿ ಜೆಟ್ಟಿಗಳು ತಲೆ ಬೋಳಿಸಿಕೊಂಡು, ಮುಷ್ಟಿಗೆ ಮೊನೆಯುಳ್ಳ ಆಯುಧವನ್ನು ತೊಟ್ಟು, ವಜ್ರಮುಷ್ಟಿ ಕಾಳಗವಾಡುವುದುಂಟು. ಎದುರಾಳಿಯ ತಲೆಯಿಂದ ರಕ್ತ ಕಂಡೊಡನೆ ಕಾಳಗ ಮುಗಿಯುವುದು. ಹಿಡಿತವೂ ಹೊಡೆತವೂ ಒಂದೇ ಕಣದಲ್ಲಿ ಕೂಡುವುದನ್ನು ನಮ್ಮ ಪೂರ್ವಿಕರು ಅರಿತೇ ಇದ್ದರು.

ಈ ಕೂಡುವಿಕೆಯು ‘ಮಿಶ್ರ ಸಮರಕಲೆ’ ಎಂಬ ಹೆಸರಿನಿಂದ ಈಗ ಜೀವನೋಪಾಯದ ವೃತ್ತಿಯಾಗಿದೆ. ಅಮೆರಿಕದ ಡೆನ್ವರ್ ನಗರದಲ್ಲಿ 1993ರ ನವೆಂಬರ್ 12ರಂದು ನಡೆದ ಯು.ಎಫ್.ಸಿ.ಯ ಪ್ರಥಮ ಕೂಟದಲ್ಲಿ ಬೇರೆ ಬೇರೆ ವಿದ್ಯೆಯವರು ಬೇಲಿ ಹಾಕಿದ ಕಣದಲ್ಲಿ ಎದುರಾದರು. 1997ರಲ್ಲಿ ಆ ಸಂಸ್ಥೆಯ ಮೊದಲ ಹೆವಿವೇಟ್ ಪ್ರಶಸ್ತಿಯನ್ನು ಗೆದ್ದ ಮಾರ್ಕ್ ಕೋಲ್ಮನ್, 1992ರ ಒಲಿಂಪಿಕ್ಸ್‌ನಲ್ಲಿ ಸೆಣಸಿದ್ದ ಕುಸ್ತಿಪಟು. ಎದುರಾಳಿಯನ್ನು ಕೆಡವಬಲ್ಲವನಿಗೆ ಕಾಳಗ ಎಲ್ಲಿ ನಡೆಯಬೇಕೆಂಬುದನ್ನು ನಿರ್ಣಯಿಸುವ ಅಧಿಕಾರವಿರುತ್ತದೆ.

ನಮ್ಮ ದೇಶದಲ್ಲಿ ಈ ಹಾದಿಯನ್ನು ತುಳಿದವರಲ್ಲಿ ಹರಿಯಾಣದ ಬಲಾಲಿ ಗ್ರಾಮದ ರಿತು ಫೋಗಟ್ ಪ್ರಮುಖಳು. ತಂದೆ ಮಹಾವೀರ ಸಿಂಗರೇ ಆಕೆಗೆ ಉಸ್ತಾದರು. 2016ರಲ್ಲಿ ಸಿಂಗಾಪುರದ ಕಾಮನ್‌ವೆಲ್ತ್ ಕುಸ್ತಿಯಲ್ಲಿ 48 ಕಿಲೋ ವಿಭಾಗದ ಚಿನ್ನ, 2017ರಲ್ಲಿ ಇಪ್ಪತ್ಮೂರು ವರ್ಷದೊಳಗಿನವರ ವಿಶ್ವ ಕೂಟದಲ್ಲಿ ಬೆಳ್ಳಿ ಅವಳದಾದವು. ಟೋಕಿಯೊ ಒಲಿಂಪಿಕ್ಸ್ ಸಮೀಪಿಸುತ್ತಿದ್ದಾಗಲೇ, 2019ರಲ್ಲಿ, ಕುಸ್ತಿಯನ್ನು ಬಿಟ್ಟು ಸಿಂಗಾಪುರದ ಶಿಕ್ಷಣ ಶಾಲೆಯನ್ನು ಸೇರಿದಳು. ಅದೇ ನವೆಂಬರಿನಲ್ಲಿ ಬೀಜಿಂಗಿನ ಮೊದಲ ಕಾಳಗವನ್ನು ಮೊದಲ ಸುತ್ತಿನಲ್ಲೇ ಗೆದ್ದಳು.

ಆದರೆ ಕಲಿತ ವಿದ್ಯೆಯೇ ಕೆಲವೊಮ್ಮೆ ತೊಡಕಾಗುತ್ತದೆ. ಕುಸ್ತಿಯಲ್ಲಿ ಎದುರಾಳಿಯ ಎರಡು ಭುಜಗಳು ನೆಲಕ್ಕೆ ತಾಗಿದರೆ ಜಯ. ಹೊಸ ಕಣದಲ್ಲಿ ಬೆನ್ನ ಮೇಲೆ ಬಿದ್ದವನೂ ಸೋತವನಲ್ಲ. ಅಲ್ಲಿಂದಲೇ ಕೊರಳನ್ನು ಅಮುಕಬಲ್ಲ, ತೋಳಿನ ಕೀಲನ್ನು ಮುರಿಯಬಲ್ಲ. ಕಾಲು ಹಿಡಿಯಲೆಂದು ತಲೆ ಬಾಗಿಸಿ ನುಗ್ಗುವ ಪೈಲ್ವಾನನಿಗೆ ಮೊಣಕಾಲಿನ ಪೆಟ್ಟು ಕಾದಿರುತ್ತದೆ. 2021ರ ಡಿಸೆಂಬರಿನಲ್ಲಿ ಸಿಂಗಾಪುರದ ಪ್ರಶಸ್ತಿ ಕೂಟದ ಅಂತಿಮ ಕಾಳಗದಲ್ಲಿ ರಿತು ಥಾಯ್ ದೇಶದ ಸ್ಟ್ಯಾಂಪ್ ಫೇರ್‌ಟೆಕ್ಸ್‌ಳಿಗೆ ಸೋತಳು. ಎದುರಾಳಿ ಒದೆತ-ಗುದ್ದುಗಳಲ್ಲಿ ಹೆಸರಾದವಳು. ಆದರೂ ಆಕೆ ಗೆದ್ದದ್ದು ನೆಲದ ಮೇಲೆ, ತೋಳಿನ ಪಟ್ಟಿನಿಂದ. ಮಲ್ಲಳ ಮನೆಯಂಗಳದಲ್ಲೇ ಮಲ್ಲಳನ್ನು ಸೋಲಿಸಿದಂತಾಯಿತು. ಒದೆಯುವವಳು ನೆಲದ ಕಾಳಗವನ್ನು ಶ್ರದ್ಧೆಯಿಂದ ಕಲಿತಿದ್ದಳು ಎಂಬುದೇ ಇದರ ಮರ್ಮ.

ಹಾಗೆಂದು ಗರಡಿಯ ಸಾಮು ವ್ಯರ್ಥವೆಂದಲ್ಲ. ದೆಹಲಿಯ 2010ರ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ ಕೆನಡಾದ ಪರವಾಗಿ ಕುಸ್ತಿಯ ಚಿನ್ನ ಗೆದ್ದ ಪಂಜಾಬಿ ಮನೆತನದ ಅರ್ಜನ್ ಭುಲ್ಲರ್, 2021ರ ಮೇ ತಿಂಗಳಿನಲ್ಲಿ ಒನ್ ಸಂಸ್ಥೆಯ ಹೆವಿವೇಟ್ ಪ್ರಶಸ್ತಿಯನ್ನು ಪಡೆದನು. ಅವನ ತಂದೆಯೂ ಪೈಲ್ವಾನರೇ.

ತೇವಾರದಿಂದ ಕಂಬದವರೆಗೆ ನಮ್ಮ ಮನೆಗಳ ಮಕ್ಕಳು ಈ ಕಾಳಗಗಳನ್ನು ಕೈಯಲ್ಲಿನ ಪರದೆಯ ಮೇಲೆ ಕಾಣಬಲ್ಲರು. ನಾಳೆ ಒಬ್ಬನೋ ಒಬ್ಬಳೋ ಈ ಹಾದಿಯನ್ನು ಕೇಳಿದರೆ ಹಿರಿಯರು ಗದರಿಸಿ ಸುಮ್ಮನಾಗಿಸುವುದು ತರವಲ್ಲ; ಕಣ್ಣುಮುಚ್ಚಿ ಕಳುಹಿಸುವುದೂ ತರವಲ್ಲ. ಅರಸರ ಆಶ್ರಯ ಕಳೆದುಹೋದ ಮೇಲೆ ಪೈಲ್ವಾನನ ಅನ್ನದ ಪ್ರಶ್ನೆ ಕಠಿಣವಾಯಿತು. ಹೊಸ ವೃತ್ತಿ ಅದಕ್ಕೊಂದು ಉತ್ತರವಾದರೂ, ತಲೆಗೆ ಬೀಳುವ ಪೆಟ್ಟು ಜೀವನಪರ್ಯಂತ ಬಾಧಿಸಬಹುದು. ಆದುದರಿಂದ ಮೊದಲು ಒಳ್ಳೆಯ ಉಸ್ತಾದ, ಬಳಿಕ ವೈದ್ಯರ ಪರೀಕ್ಷೆ, ಜೊತೆಗೆ ಕೈಬಿಡದ ಶಾಲೆಯ ಓದು. ಹಳೆಯ ಪಟ್ಟನ್ನು ಮರೆಯದೆ ಹೊಸ ನಿಯಮವನ್ನು ಕಲಿಯುವವನೇ ಪರನೆಲದ ಕಣದಲ್ಲಿ ನಿಲ್ಲುವನು.