ಅಪ್ಪನ ಕಸುವು

ಇಳಕಲ್ಲಿನ ನಮ್ಮ ಮನೆಯಲ್ಲಿ ಅಪ್ಪನಿಗೆ ಸೊಂಟ ಹಿಡಿದಾಗಲೆಲ್ಲ ಅವ್ವ ಒಂದೇ ಮಾತು ಹೇಳುತ್ತಿದ್ದಳು: “ಆ ಆಪರೇಶನ್ ಮಾಡಿಸಿಕೊಂಡ ಮ್ಯಾಲೆ ನಿಮ್ಮಪ್ಪನ ಕಸುವಽ ಹೋತು ನೋಡವಾ.”

ಅಪ್ಪ ನೇಕಾರ. ತುರ್ತು ಪರಿಸ್ಥಿತಿಯ ಕಾಲದಲ್ಲಿ, 1976ರಲ್ಲಿ, ಸಂತಾನಹರಣ ಚಿಕಿತ್ಸೆ ಮಾಡಿಸಿಕೊಂಡಿದ್ದ. 1976-77ರ ಒಂದೇ ವರ್ಷ ದೇಶದಲ್ಲಿ 80 ಲಕ್ಷಕ್ಕೂ ಹೆಚ್ಚು ಜನರಿಗೆ ಈ ಚಿಕಿತ್ಸೆಯಾಯಿತು. ಅವರಲ್ಲಿ 60 ಲಕ್ಷಕ್ಕೂ ಹೆಚ್ಚು ಮಂದಿ ಗಂಡಸರು. ಅಧಿಕಾರಿಗಳಿಗೆ ಗುರಿ, ಬಡವರಿಗೆ ಒತ್ತಾಯ. ಆ ಸಿಟ್ಟು ಭಯವಾಗಿ ಮನೆಗಳಲ್ಲಿ ಉಳಿಯಿತು. 1977ರ ನಂತರ ಗಂಡಸರು ಹಿಂದೆ ಸರಿದರು. ಭಾರ ಹೆಂಗಸರ ಮೇಲೆ ಬಿತ್ತು.

ನಾನೂ ಆ ಸಾಲಿನವಳೇ. ಬಾಗಲಕೋಟೆಯಲ್ಲಿ ಎರಡನೇ ಹೆರಿಗೆಯಾದಾಗ ಡಾಕ್ಟರು, “ಇಬ್ಬರಲ್ಲಿ ಯಾರಿಗೆ ಮಾಡೋಣ?” ಎಂದರು. ಯಜಮಾನರು ಬಾಯಿ ತೆರೆಯುವ ಮೊದಲೇ, “ನನಗಽ ಮಾಡ್ರಿ, ಅವರು ದುಡಿಯೋ ಗಂಡಸರು” ಎಂದುಬಿಟ್ಟೆ. ನಾನು ದುಡಿಯುವವಳಲ್ಲವೇನು!

ಆಮೇಲೆ ಓದಿ, ಕೇಳಿ ತಿಳಿದುಕೊಂಡೆ. ಗಂಡಸರಲ್ಲಿ ಕತ್ತರಿಸುವುದು ವೀರ್ಯಾಣು ಸಾಗುವ ಎರಡು ಸಣ್ಣ ನಾಳಗಳನ್ನು ಮಾತ್ರ. ಗಂಡಸುತನದ ಹಾರ್ಮೋನು ವೃಷಣದಿಂದ ನೇರವಾಗಿ ರಕ್ತಕ್ಕೆ ಸೇರುತ್ತದೆ, ಅದು ನಿಲ್ಲುವುದಿಲ್ಲ. ಕಸುವು, ಆಸೆ, ಗಡ್ಡಮೀಸೆ ಎಲ್ಲ ಇದ್ದಂತೆಯೇ. ಕೆಲವು ದಿನ ನೋವು, ಬಾವು ಇರುತ್ತದೆ, ಕೆಲವರಿಗೆ ಸೋಂಕಾಗುತ್ತದೆ. ನೂರಕ್ಕೆ ಒಬ್ಬಿಬ್ಬರಿಗೆ ನೋವು ಬಹುಕಾಲ ಕಾಡುವುದೂ ಉಂಟು. ಮೂರು ತಿಂಗಳು ಬೇರೆ ಸಾಧನ ಬಳಸಿ, ವೀರ್ಯ ಪರೀಕ್ಷೆಯಾದ ಮೇಲೆಯೇ ನಿಶ್ಚಿಂತೆ. ಮತ್ತೆ ಮಕ್ಕಳು ಬೇಕೆಂದರೆ ನಾಳ ಜೋಡಿಸುವುದು ಕಷ್ಟ. ಆದ್ದರಿಂದ ಯೋಚಿಸಿಯೇ ಒಪ್ಪಬೇಕು. ಆದರೆ ಹೆಂಗಸರಿಗೆ ಮಾಡುವಂತೆ ಹೊಟ್ಟೆ ಕೊಯ್ಯಬೇಕಿಲ್ಲ. ಅದೇ ದಿನ ಮನೆಗೆ ನಡೆದುಹೋಗಬಹುದು.

ಆದರೂ 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ನಮ್ಮ ರಾಜ್ಯದ ಮದುವೆಯಾದ ಹೆಂಗಸರಲ್ಲಿ ನೂರಕ್ಕೆ 57 ಜನ ಚಿಕಿತ್ಸೆ ಮಾಡಿಸಿಕೊಂಡವರು. ಗಂಡಸರದು ನೂರಕ್ಕೆ ಒಂದೂ ಇಲ್ಲ.

ಹಾಗಾದರೆ ಅಪ್ಪನ ಸೊಂಟನೋವು? ನೆಲದ ಕುಣಿಯಲ್ಲಿ ಕಾಲಿಳಿಬಿಟ್ಟು, ದಿನವಿಡೀ ಬಾಗಿ ಕೂತು ನೇಯುವ ಮಗ್ಗ ಅವನದು. ಆಪರೇಶನ್ ಕಾಣದ ಓಣಿಯ ನೇಕಾರರಿಗೂ ಅದೇ ನೋವಿತ್ತು! ಅಪ್ಪ ಎಪ್ಪತ್ತು ದಾಟುವವರೆಗೂ ಸೀರೆ ನೇಯ್ದ.

ಹೋದ ವರ್ಷ ಬಾದಾಮಿಯಿಂದ ಮಗಳು ಫೋನು ಮಾಡಿದಳು. ಅಳಿಯ ತಾನೇ ಮಾಡಿಸಿಕೊಳ್ಳುತ್ತೇನೆ ಅಂದಿದ್ದಾನಂತೆ, ಬೀಗಿತ್ತಿಗೆ ಭಯವಂತೆ. “ಅವರ ಕೈಗೆ ಫೋನು ಕೊಡು,” ಎಂದೆ. “ನಮ್ಮಪ್ಪನ ಕಥಿ ಹೇಳ್ತೀನಿ.”