ಹಳೆಯ ಫಲಕಕ್ಕೆ ಹೊಸ ದಾರಿ

ಶಾಲೆಯ ಸೂಚನಾ ಫಲಕ ನಮಗೆಲ್ಲ ಗೊತ್ತು. ಅದನ್ನು ಕಂಪ್ಯೂಟರಿಗೆ ಏರಿಸಿದವರು ಷಿಕಾಗೊ ನಗರದ ವಾರ್ಡ್ ಕ್ರಿಸ್ಟೆನ್ಸನ್ ಮತ್ತು ರ‍್ಯಾಂಡಿ ಸ್ಯೂಸ್. 1978ರ ಚಳಿಗಾಲದಲ್ಲಿ ಅಲ್ಲಿ ಭಾರಿ ಹಿಮ ಬಿತ್ತು. ಕಕ್ಕಡದ ಮಳೆಗೆ ನಾವು ಬಿಟ್ಟಂಗಾಲದವರು ಮನೆ ಹಿಡಿದು ಕೂರುವಂತೆ ಅವರೂ ಕೂತರು. ಆ ಬಿಡುವಿನಲ್ಲೇ ಕೆಲಸ ಶುರುವಾಯಿತು. ಫೆಬ್ರವರಿ 16ರಂದು ಫಲಕ ತೆರೆಯಿತು. ಟೆಲಿಫೋನ್ ಲೈನು ಒಂದೇ. ಒಬ್ಬರು ಓದಿ ಬರೆದು ಮುಗಿಸುವ ತನಕ ಇನ್ನೊಬ್ಬರು ಕಾಯಬೇಕು. ಇದನ್ನು ಕೇಳಿ ನನ್ನ ತರಗತಿಯ ಮಕ್ಕಳು, “ಒಂದು ಸಲಕ್ಕೆ ಒಬ್ಬರೇನಾ ಮಿಸ್?” ಎಂದು ನಕ್ಕರು.

ನಮ್ಮ ಹಳ್ಳಿಗಳಲ್ಲಿ ಆಗ ಫೋನೇ ಅಪರೂಪ. 1984ರಲ್ಲಿ ಹುಟ್ಟಿದ ಸಿ-ಡಾಟ್, ಹಳ್ಳಿಗೆಂದೇ ರೂಪಿಸಿದ ಪುಟ್ಟ ಎಕ್ಸ್‌ಚೇಂಜನ್ನು 1986ರಲ್ಲಿ ಮೊದಲು ಹೂಡಿದ್ದು ನಮ್ಮ ಕಿತ್ತೂರಿನಲ್ಲೇ. 1995ರ ಆಗಸ್ಟ್ 15ರಂದು ವಿ.ಎಸ್.ಎನ್.ಎಲ್. ಸಾರ್ವಜನಿಕರಿಗೆ ಇಂಟರ್‌ನೆಟ್ ಕೊಡತೊಡಗಿದಾಗ, ಅಮೆರಿಕದಲ್ಲಿ ಅಂಥ ಫಲಕಗಳು ಒಂದೊಂದಾಗಿ ಮುಚ್ಚುತ್ತಿದ್ದವು.

ಹಳೆಯ ಯಂತ್ರಗಳನ್ನು ಕಾಪಾಡಿಕೊಂಡವರು ಈಗ ಅವನ್ನು ಇಂಟರ್‌ನೆಟ್ಟಿಗೆ ಸೇರಿಸುತ್ತಿದ್ದಾರೆ. ಮೋಡೆಮ್ ಇದ್ದ ಜಾಗದಲ್ಲಿ ವೈ-ಫೈ ಉಳ್ಳ ಪುಟ್ಟ ಸಾಧನ. ದೂರದವರು ಇಂಟರ್‌ನೆಟ್ಟಿನಲ್ಲಿ ಬಂದರೂ ಅದು ‘ಫೋನ್ ಬಂದಿದೆ’ ಎಂದೇ ಯಂತ್ರಕ್ಕೆ ತಿಳಿಸುತ್ತದೆ. ಮುದಿ ಯಂತ್ರ ನಂಬಿ ಬಾಗಿಲು ತೆರೆಯುತ್ತದೆ! ಆದರೆ ಅಲ್ಲಿ ಸಾಮಾನ್ಯವಾಗಿ ಬರಹಕ್ಕೆ ಮರೆಯಿಲ್ಲ. ಪೋಸ್ಟ್‌ಕಾರ್ಡಿನಂತೆ ದಾರಿಯಲ್ಲಿದ್ದವರೂ ಓದಬಹುದು. ಗುಟ್ಟಿನ ಮಾತು ಬರೆಯಬಾರದು.

ಇಷ್ಟು ಪಾಡು ಏಕೆ ಎನ್ನುತ್ತೀರಾ? ಫ್ಲಾಪಿಯ ಮೇಲಿನ ಬರಹ ವರ್ಷ ಕಳೆದಂತೆ ಅಳಿಯುತ್ತದೆ. ಅಲ್ಲಿ ಸಾಮಾನ್ಯರು ಕೇಳಿದ ಪ್ರಶ್ನೆಗಳಿವೆ, ಜಗಳವಿದೆ, ಸಾಂತ್ವನವಿದೆ. ಯಂತ್ರಕ್ಕಿಂತ ಆ ಮಾತುಗಳನ್ನು ಮೊದಲು ನಕಲು ಮಾಡಿಡಬೇಕು. ಟ್ರಂಕಿನಲ್ಲಿರುವ ಅಮ್ಮನ ಕಾಗದಗಳಿಗೂ ಇದೇ ಮಾತು, ಅಲ್ಲವೇ?