ಯಾವ ಚದರ ಅಡಿ?

ಘಾಟ್ಕೋಪರ್‌ನಲ್ಲಿ ಮನೆ ಮಾಡ್ಕೊಂಡು ಪಕ್ಕದ ವಿಖ್ರೋಲಿಯ ಎಂಬಸಿ 247ಗೆ ಕೆಲಸಕ್ಕೆ ಹೋಗೋರೇ, ಸ್ವಲ್ಪ ಕೇಳಿ. 2019ರ ಏಪ್ರಿಲ್‌ನಲ್ಲಿ ದೇಶದ ಮೊದಲ ರೀಟ್ ಷೇರುಪೇಟೆಗೆ ಬಂದಾಗ ಈ ಕಟ್ಟಡವೂ ನಮ್ಮ ಬೆಂಗಳೂರಿನ ಮಾನ್ಯತಾ ಪಾರ್ಕೂ ಒಂದೇ ಗಂಟಿನಲ್ಲಿದ್ವು. ಹೂಡಿಕೆದಾರರು ಕೇಳೋದು: ಚದರ ಅಡಿಗೆ ಎಷ್ಟು ಕರೆಂಟು? ಆದ್ರೆ ಯಾವ ಚದರ ಅಡಿ? ಮನೆಗಳಿಗೆ 2016ರ ರೇರಾ ಕಾಯ್ದೆ ಕಾರ್ಪೆಟ್ ಏರಿಯಾ ಅಂದ್ರೇನು ಅಂತ ಬರೆದಿಟ್ಟಿತು. ಆಫೀಸಿನ ಬಾಡಿಗೆ ಲೆಕ್ಕದಲ್ಲಿ ಲಾಬಿ, ಲಿಫ್ಟಿನ ಪಾಲೂ ಸೇರುತ್ತೆ. 100 ಯೂನಿಟ್ಟನ್ನ 75 ಅಡಿಗೆ ಹಂಚಿದ್ರೆ 1.33, 100 ಅಡಿಗೆ ಹಂಚಿದ್ರೆ 1. ಒಂದೂ ದೀಪ ಆರಿಸದೆ ಕಟ್ಟಡ ಹಸಿರಾಯ್ತು! ಯುರೋಪಿನ ಪಿಂಚಣಿ ನಿಧಿಗಳು 2009ರಲ್ಲಿ ಗ್ರೆಸ್ಬ್ ಶುರುಮಾಡಿದ್ದು ಕಟ್ಟಡಗಳನ್ನ ಒಂದೇ ನಮೂನೆಯಲ್ಲಿ ಹೋಲಿಸೋಕೆ. ಸೆಬಿ 2021ರಲ್ಲಿ ದೊಡ್ಡ ಕಂಪನಿಗಳಿಗೆ ತಂದ ಬಿಆರ್‌ಎಸ್‌ಆರ್ ಇಂಧನವನ್ನ ವಹಿವಾಟಿನ ರೂಪಾಯಿಯಿಂದಲೂ ಭಾಗಿಸುತ್ತೆ. ಅಲ್ಲಿ ಬಾಡಿಗೆ ಏರಿಸಿದ್ರೂ ಅಂಕಿ ಇಳಿಯುತ್ತೆ.